ಮುದ್ದೆ ಬಿಟ್ಟ ಮೂರು ದಿನ: ಕೊಲೊನೊಸ್ಕೋಪಿಗೆ ಮುನ್ನ ಹಸಿವನ್ನು ಸಂಭಾಳಿಸುವ ಬಗೆ

ಕೊಲೊನೊಸ್ಕೋಪಿ ಎಂದರೆ ಕ್ಯಾಮೆರಾ ಇರುವ ಕೊಳವೆಯನ್ನು ದೊಡ್ಡ ಕರುಳಿನೊಳಗೆ ಬಿಟ್ಟು ನೋಡುವ ಪರೀಕ್ಷೆ. ನನ್ನ ಮೊದಲ ಕೊಲೊನೊಸ್ಕೋಪಿಯ ವರದಿಯಲ್ಲಿದ್ದ ಬಣ್ಣದ ಚಿತ್ರವೊಂದರಲ್ಲಿ ಕರಿಬೇವಿನ ಎಲೆಯೊಂದು ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಪಕ್ಕದಲ್ಲಿ ನಾಲ್ಕೈದು ಟೊಮೆಟೊ ಬೀಜ. ಎರಡು ದಿನ ಹಿಂದೆ ಉಂಡ ಸಾರು ತನ್ನ ಒಗ್ಗರಣೆಯನ್ನು ದೊಡ್ಡ ಕರುಳಿನಲ್ಲಿ ಬಿಟ್ಟು ಹೋಗಿತ್ತು. ವೈದ್ಯರು ಬೈಯಲಿಲ್ಲ. ‘ಇನ್ನೊಮ್ಮೆ ಬರಬೇಕಾಗುತ್ತದೆ’ ಎಂದಷ್ಟೇ ಹೇಳಿದರು. ಬೈದಿದ್ದರೇ ವಾಸಿಯಿತ್ತು.

ತಪ್ಪು ನನ್ನದೇ. ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ‘ನಾರು ಕಡಿಮೆ ಇರುವ ಆಹಾರ’ ಎಂದು ಬರೆದಿತ್ತು. ನಾನು ಅದನ್ನು ‘ಹಗುರವಾದ ಊಟ’ ಎಂದು ಓದಿಕೊಂಡೆ. ನಮ್ಮ ಕಡೆ ಹಗುರವಾದ ಊಟವೆಂದರೆ ಏನು? ಸೊಪ್ಪಿನ ಸಾರು, ಸೌತೆಕಾಯಿ ಕೋಸಂಬರಿ, ರಾಗಿ ಅಂಬಲಿ. ಇವೆಲ್ಲವೂ ಈ ಪರೀಕ್ಷೆಗೆ ಶತ್ರುಗಳು. ಎರಡನೆಯ ಸಲ ಸರಿಯಾಗಿ ಮಾಡಿದೆ. ಆಮೇಲೆ ಮಂಡ್ಯದಲ್ಲಿರುವ ಭಾವನವರಿಗೂ ಜೊತೆಯಲ್ಲಿ ನಿಂತು ಮಾಡಿಸಿದೆ. ಆ ಎರಡು ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಆದರೆ ನಿಮ್ಮ ವೈದ್ಯರ ಚೀಟಿಗೂ ನನ್ನ ಮಾತಿಗೂ ಎಲ್ಲಿಯಾದರೂ ವ್ಯತ್ಯಾಸ ಕಂಡರೆ ಚೀಟಿಯೇ ಗೆಲ್ಲಬೇಕು.

ದಿನ ಗೊತ್ತು ಮಾಡುವಾಗ

ಆಸ್ಪತ್ರೆಯಲ್ಲಿ ದಿನಾಂಕ ಕೊಡುವಾಗಲೇ ಪಂಚಾಂಗ ನೋಡಿಕೊಳ್ಳಿ. ರಾಹುಕಾಲಕ್ಕಲ್ಲ, ಹಬ್ಬಕ್ಕೆ. ಸಂಕ್ರಾಂತಿಯ ಮರುದಿನ ಪರೀಕ್ಷೆ ಇಟ್ಟುಕೊಂಡರೆ ಎಳ್ಳು, ಕಡಲೆಕಾಯಿ ಬೀಜ, ಕೊಬ್ಬರಿ ಚೂರು ಇವೆಲ್ಲ ಮನೆಮನೆಯಿಂದ ಪೊಟ್ಟಣ ಕಟ್ಟಿಕೊಂಡು ನಿಮ್ಮ ಮನೆಗೇ ಬರುತ್ತವೆ. ಅವರೆಕಾಯಿಯ ಕಾಲದಲ್ಲಿ ಮನೆಯಲ್ಲಿ ಹಿತಕಿದ ಬೇಳೆ ಸಾರಿನ ಘಮ ಇರುವಾಗ ನೀವೊಬ್ಬರೇ ಸಪ್ಪೆ ಅನ್ನ ಉಣ್ಣಬೇಕು. ಪಿತೃಪಕ್ಷದಲ್ಲಿ ಮಂಡ್ಯದ ಕಡೆಯ ನೆಂಟರ ಮನೆಯಿಂದ ಕರೆ ಬಂದರೆ ಇಲ್ಲ ಎನ್ನುವುದೂ ಕಷ್ಟ. ತುರ್ತಿಲ್ಲದಿದ್ದರೆ ಒಂದು ವಾರ ಆಚೀಚೆ ಮಾಡಿಕೊಳ್ಳಿ. ತುರ್ತಿದೆ ಎಂದು ವೈದ್ಯರು ಹೇಳಿದರೆ ಹಬ್ಬವನ್ನೇ ಬಿಡಿ.

ಅದೇ ಭೇಟಿಯಲ್ಲಿ ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಅವರ ಮುಂದಿಡಿ. ಕಬ್ಬಿಣಾಂಶದ ಮಾತ್ರೆ ಮಲವನ್ನು ಕಪ್ಪಾಗಿ, ಅಂಟಾಗಿ ಮಾಡುವುದರಿಂದ ಸಾಮಾನ್ಯವಾಗಿ ಐದರಿಂದ ಏಳು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂಬುದನ್ನು ಅವರೇ ಹೇಳಬೇಕು, ನೀವಾಗಿ ನಿರ್ಧರಿಸಬೇಡಿ. ಸಕ್ಕರೆ ಕಾಯಿಲೆ ಇದ್ದವರು ಇನ್ಸುಲಿನ್ ಮತ್ತು ಮಾತ್ರೆಯ ಪ್ರಮಾಣವನ್ನು ಬರೆಸಿಕೊಂಡೇ ಹೊರಡಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಉಪವಾಸದ ಹೊತ್ತಿನಲ್ಲಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲವನ್ನು ಏರಿಸುವ ಅಪಾಯವಿರುವುದರಿಂದ ಅವನ್ನು ಮೂರು ದಿನ ಮೊದಲೇ ನಿಲ್ಲಿಸುವುದು ವಾಡಿಕೆ. ಪದೇ ಪದೇ ಮಲಬದ್ಧತೆ ಆಗುವವರು ಅದನ್ನು ನಾಚಿಕೊಳ್ಳದೆ ಹೇಳಿ. ಅಂಥವರಿಗೆ ಔಷಧಿಯ ಕ್ರಮವೇ ಬೇರೆ ಇರಬಹುದು. ಮೂತ್ರಪಿಂಡದ ತೊಂದರೆ ಇದ್ದವರಂತೂ ಹೇಳಲೇಬೇಕು. ಹೊಟ್ಟೆ ಖಾಲಿ ಮಾಡಲು ಕೊಡುವ ಔಷಧಿಗಳಲ್ಲಿ ಸೋಡಿಯಂ ಫಾಸ್ಫೇಟಿನದು ಮೂತ್ರಪಿಂಡಕ್ಕೆ ಹಾನಿ ಮಾಡಬಹುದು ಎಂದು 2008ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತ್ತು.

ಮೂರು ದಿನ ಮೊದಲು: ಬೀಜ, ಸಿಪ್ಪೆ, ಸೊಪ್ಪು, ಕಾಳು

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಅದರ ಒಳಗೋಡೆಯಲ್ಲಿ ಕೆಲವೇ ಮಿಲಿಮೀಟರ್ ಗಾತ್ರದ ಗಂಟು ಇದೆಯೇ ಎಂದು ವೈದ್ಯರು ಹುಡುಕಬೇಕು. ಒಂದು ಸೊಪ್ಪಿನ ಚೂರು ಸಾಕು, ಅದರ ಹಿಂದೆ ಅಂಥದೊಂದು ಅಡಗಲು. ಬೀಜಗಳದು ಇನ್ನೊಂದು ಕಾಟ: ಉಳಿದ ನೀರನ್ನು ಹೀರಿ ತೆಗೆಯುವ ಸಣ್ಣ ನಾಳಕ್ಕೆ ಅವು ಸಿಕ್ಕಿಕೊಳ್ಳುತ್ತವೆ.

ಹಾಗಾಗಿ ಎರಡು ಮೂರು ದಿನ ಮೊದಲೇ ರಾಗಿಯನ್ನು ಪೂರ್ತಿ ಬಿಡಿ. ಮುದ್ದೆ, ರೊಟ್ಟಿ, ಅಂಬಲಿ, ಹುರಿಹಿಟ್ಟು, ಯಾವ ರೂಪದಲ್ಲೂ ಬೇಡ. ಭಾವನವರಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ‘ಅನ್ನ ಉಂಡರೆ ಹೊಟ್ಟೆಯಲ್ಲಿ ಏನು ನಿಲ್ಲುತ್ತದೆ?’ ಎಂದು ಕೇಳಿದರು. ಏನೂ ನಿಲ್ಲದಿರುವುದೇ ಇಲ್ಲಿ ಬೇಕಾದದ್ದು ಎಂದೆ. ಅಕ್ಕ ಒಳಗಿನಿಂದ, ‘ಮೂರು ದಿನ ತಾನೇ, ಹಿಟ್ಟು ಎಲ್ಲಿಗೂ ಓಡಿ ಹೋಗುವುದಿಲ್ಲ’ ಎಂದಳು. ಅಲ್ಲಿಗೆ ಮುಗಿಯಿತು.

ಬಿಡಬೇಕಾದ ಉಳಿದವು: ಎಲ್ಲ ಸೊಪ್ಪು, ಎಲ್ಲ ಕಾಳು (ಹುರುಳಿ, ಅವರೆ, ಅಲಸಂದೆ, ಮೊಳಕೆ ಕಟ್ಟಿದ ಹೆಸರು), ಗೋಧಿಯ ಚಪಾತಿ, ಸೀಬೆ, ದಾಳಿಂಬೆ, ಸೌತೆ, ಬದನೆ, ಬೆಂಡೆ, ತೆಂಗಿನ ತುರಿ, ಕಡಲೆಕಾಯಿ, ಎಳ್ಳು, ಉಪ್ಪಿನಕಾಯಿ. ಜನ ಮರೆಯುವುದು ಒಗ್ಗರಣೆಯನ್ನು. ಸಾಸಿವೆ, ಜೀರಿಗೆ, ಕರಿಬೇವು, ಕೊತ್ತಂಬರಿ ಇವು ನಮ್ಮ ಅಡುಗೆಯಲ್ಲಿ ಎಷ್ಟು ಸಹಜವೆಂದರೆ ಅವು ಆಹಾರವೆಂಬುದೇ ಮರೆತುಹೋಗಿದೆ. ಮೊಸರನ್ನ ಉಣ್ಣಬಹುದು ಎಂದರೆ ಬರೀ ಮೊಸರು, ಅನ್ನ, ಉಪ್ಪು ಎಂದರ್ಥ. ಮದ್ದೂರು ವಡೆಯೂ ಬೇಡ. ಅದರಲ್ಲಿ ಈರುಳ್ಳಿಯೂ ಇದೆ, ಕರಿಬೇವೂ ಇದೆ. ಪಾಪ, ರೈಲಿನಲ್ಲಿ ಬರುವವರಿಗೆ ಇದೊಂದು ಪರೀಕ್ಷೆಯೇ.

ಎಲೆ ಅಡಿಕೆ, ಕಡ್ಡಿಪುಡಿ ಹಾಕುವ ಹಿರಿಯರಿದ್ದರೆ ಅದನ್ನೂ ನಿಲ್ಲಿಸಿ. ವೀಳ್ಯದೆಲೆ ನಾರು, ಅಡಿಕೆ ಇನ್ನೂ ಗಟ್ಟಿ ನಾರು. ಮೇಲೆ ಕೆಂಪು ಬೇರೆ.

ಹಾಗಾದರೆ ಉಣ್ಣುವುದೇನು? ಇಲ್ಲಿ ಜಗತ್ತು ತಲೆಕೆಳಗಾಗುತ್ತದೆ. ವರ್ಷವಿಡೀ ಬೇಡ ಎನ್ನುವ ಮೈದಾ, ಬಿಳಿ ಬ್ರೆಡ್, ಪಾಲಿಶ್ ಮಾಡಿದ ಸೋನಾ ಮಸೂರಿ ಅನ್ನ ಈ ಮೂರು ದಿನ ನಿಮ್ಮ ಮಿತ್ರರು. ಬೆಳಿಗ್ಗೆ ಇಡ್ಲಿಗೆ ಚಟ್ನಿಯ ಬದಲು ತುಪ್ಪ, ಸಕ್ಕರೆ. ಖಾಲಿ ದೋಸೆ. ರವೆಯನ್ನು ತುಪ್ಪದಲ್ಲಿ ಹುರಿದು ಬರೀ ಉಪ್ಪು ಹಾಕಿ ಮಾಡಿದ ಉಪ್ಪಿಟ್ಟು. ಅಕ್ಕಿ ಶ್ಯಾವಿಗೆಗೆ ನಿಂಬೆರಸ, ಚಿಟಿಕೆ ಅರಿಸಿನ. ಮಧ್ಯಾಹ್ನ ಮೆತ್ತಗೆ ಬೆಂದ ಅನ್ನ, ಸೋಸಿದ ತಿಳಿಸಾರು, ಮೊಸರು. ಸಿಪ್ಪೆ ತೆಗೆದ ಆಲೂಗಡ್ಡೆ, ಸಿಪ್ಪೆ ಮತ್ತು ಒಳಗಿನ ಬೀಜದ ತಿರುಳು ಎರಡೂ ತೆಗೆದ ಸೋರೆಕಾಯಿಯನ್ನು ಚೆನ್ನಾಗಿ ಬೇಯಿಸಿ ಸ್ವಲ್ಪ ತೆಗೆದುಕೊಳ್ಳಬಹುದು. ಮಾಂಸ ತಿನ್ನುವವರಿಗೆ ಮೊಟ್ಟೆ, ಮೀನು, ಮೆತ್ತಗೆ ಬೆಂದ ಕೋಳಿ ಆಗುತ್ತದೆ. ಆದರೆ ತೆಂಗಿನಕಾಯಿ, ಕೊತ್ತಂಬರಿ ಸೊಪ್ಪು ಅರೆದು ಹಾಕಿದ ಮಸಾಲೆ ಬೇಡ. ಬರೀ ಉಪ್ಪು, ಅರಿಸಿನ ಸಾಕು.

ಹೊಟ್ಟೆ ತುಂಬ ಉಣ್ಣಿ. ಈ ದಿನಗಳಲ್ಲಿ ಕಡಿಮೆ ಉಂಡರೆ ಮುಂದೆ ಅನುಕೂಲ ಎಂಬ ಲೆಕ್ಕ ತಪ್ಪು. ಹಸಿದ ದೇಹವನ್ನು ಹೊತ್ತುಕೊಂಡು ಕೊನೆಯ ದಿನಕ್ಕೆ ಹೋದವರೇ ಸಂಜೆ ಏಳಕ್ಕೆ ಸೋತು ಬಿಸ್ಕತ್ತಿಗೆ ಕೈ ಹಾಕುವುದು.

ಹಿಂದಿನ ದಿನ: ಗಡಿಯಾರದ ಹಸಿವು

ಕೆಲವು ಆಸ್ಪತ್ರೆಗಳು ಹಿಂದಿನ ದಿನ ಬೆಳಗಿನ ತಿಂಡಿಗೆ, ಕೆಲವು ಮಧ್ಯಾಹ್ನದ ಅನ್ನ ಮೊಸರಿಗೂ ಒಪ್ಪುತ್ತವೆ. ಇನ್ನು ಕೆಲವು ಇಡೀ ದಿನ ತಿಳಿಯಾದ ದ್ರವ ಮಾತ್ರ ಎನ್ನುತ್ತವೆ. ನಿಮ್ಮ ಚೀಟಿ ನೋಡಿ. ನನಗೆ ಬೆಳಗಿನ ಮೂರು ಇಡ್ಲಿಯ ನಂತರ ಏನೂ ಇರಲಿಲ್ಲ.

ಆ ದಿನ ನನಗೆ ಅರ್ಥವಾದದ್ದು ಇಷ್ಟು: ನಾವು ಹಸಿವು ಎನ್ನುವುದರಲ್ಲಿ ನಿಜವಾದ ಹಸಿವು ಕಾಲು ಭಾಗ. ಉಳಿದದ್ದು ಗಡಿಯಾರ, ಕಾಫಿ ಮತ್ತು ಉಪ್ಪು. ಗ್ರೆಲಿನ್ ಎಂಬ ಹಾರ್ಮೋನು ನಾವು ದಿನಾ ಉಣ್ಣುವ ಹೊತ್ತಿಗೆ ಏರುತ್ತದೆ. ಉಣ್ಣದಿದ್ದರೂ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಇಳಿಯುತ್ತದೆ. ಒಂದೂವರೆಗೆ ಊಟ ಮಾಡುವವನಿಗೆ ಒಂದೂಮುಕ್ಕಾಲಿಗೆ ಪ್ರಪಂಚವೇ ಬೇಡವೆನಿಸುತ್ತದೆ, ಎರಡೂವರೆಗೆ ಪತ್ರಿಕೆ ಓದುತ್ತಿರುತ್ತಾನೆ. ಹಾಗಾಗಿ ಊಟದ ಹೊತ್ತನ್ನು ಖಾಲಿ ಬಿಡಬೇಡಿ. ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕುಳಿತು, ಬಿಸಿಯಾದದ್ದೇನಾದರೂ ಕುಡಿಯಿರಿ. ಮನೆಯ ಉಳಿದವರು ಆ ಅರ್ಧ ಗಂಟೆ ಒಗ್ಗರಣೆ ಹಾಕದಿದ್ದರೆ ಪುಣ್ಯ ಬರುತ್ತದೆ.

ಕಾಫಿಯದು ಬೇರೆ ಕಥೆ. ಮಧ್ಯಾಹ್ನದ ತಲೆನೋವನ್ನು ಹಸಿವಿನ ತಲೆನೋವು ಎಂದು ಎಲ್ಲರೂ ತಿಳಿಯುತ್ತಾರೆ. ಮೈಸೂರಿನವರಲ್ಲಿ ಅದು ಬಹುತೇಕ ಕಾಫಿಯ ತಲೆನೋವು. ಹಾಲಿಲ್ಲದ ಕಾಫಿ ತಿಳಿದ್ರವದ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಎರಡು ಚಮಚ ಡಿಕಾಕ್ಷನ್‌ಗೆ ಬಿಸಿನೀರು, ಸಕ್ಕರೆ. ರುಚಿಯ ಬಗ್ಗೆ ನನ್ನನ್ನು ಕೇಳಬೇಡಿ, ಆದರೆ ತಲೆನೋವು ಅರ್ಧ ಗಂಟೆಯಲ್ಲಿ ಇಳಿಯಿತು.

ತಿಳಿದ್ರವ ಎಂದರೇನು ಎಂಬುದಕ್ಕೆ ಒಂದು ಸುಲಭದ ಪರೀಕ್ಷೆ: ಸ್ಟೀಲ್ ಲೋಟ ಪಕ್ಕಕ್ಕಿಟ್ಟು ಗಾಜಿನ ಲೋಟದಲ್ಲಿ ಹಾಕಿ, ಹಿಂದೆ ಪತ್ರಿಕೆ ಹಿಡಿಯಿರಿ. ಅಕ್ಷರ ಓದಲು ಬಂದರೆ ಕುಡಿಯಿರಿ. ಹಾಲು, ಮಜ್ಜಿಗೆ, ಗಂಜಿ, ಕಬ್ಬಿನ ಹಾಲು, ಬೇಳೆಯ ಕಟ್ಟು ಈ ಪರೀಕ್ಷೆಯಲ್ಲಿ ಫೇಲಾಗುತ್ತವೆ. ಸೋಸಿದ ನಿಂಬೆ ಪಾನಕ, ಎಳನೀರು, ತಿಳಿಯಾದ ಸೇಬಿನ ರಸ, ಗ್ಲೂಕೋಸ್ ನೀರು, ಓಆರ್‌ಎಸ್, ಶುಂಠಿ ಕಷಾಯ, ಹಾಲಿಲ್ಲದ ಟೀ ಪಾಸಾಗುತ್ತವೆ. ಕೆಂಪು, ನೇರಳೆ ಬಣ್ಣದ್ದು ಎಷ್ಟೇ ತಿಳಿಯಾಗಿದ್ದರೂ ಬೇಡ. ಕೋಕಂ, ದ್ರಾಕ್ಷಿ, ದಾಳಿಂಬೆ, ಬೀಟ್‌ರೂಟ್‌ನ ಬಣ್ಣ ಒಳಗೆ ರಕ್ತದಂತೆ ಕಂಡು ಗೊಂದಲವಾಗುತ್ತದೆ.

ಎಳನೀರಿಗೆ ನಮ್ಮಲ್ಲಿ ಬರವಿಲ್ಲ, ಮದ್ದೂರಿನ ಎಳನೀರು ಮಾರುಕಟ್ಟೆ ಹತ್ತಿರದಲ್ಲೇ ಇದೆ. ನೀರು ಜಾಸ್ತಿ ಇರುವ ಎಳೆಯ ಕಾಯಿ ಕೇಳಿ ತೆಗೆದುಕೊಳ್ಳಿ, ಒಮ್ಮೆ ಸೋಸಿ, ಗಂಜಿಯನ್ನು ಮಕ್ಕಳಿಗೆ ಕೊಡಿ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ತೊಂದರೆ ಇದ್ದವರು ಕೇಳದೆ ಕುಡಿಯಬಾರದು. ಸಕ್ಕರೆ ಕಾಯಿಲೆಯವರು ಬೆವರು, ನಡುಕ ಬಂದರೆ ತಕ್ಷಣ ಸಕ್ಕರೆ ಅಳತೆ ನೋಡಿ ಗ್ಲೂಕೋಸ್ ನೀರು ಕುಡಿಯಬೇಕು. ಆ ದಿನ ಸಿಹಿ ಪಥ್ಯ ನೋಡುತ್ತ ಕೂರುವಂತಿಲ್ಲ.

ಏಕಾದಶಿ ಮಾಡುವವರಿಗೆ ಇದು ಸುಲಭ ಎಂದುಕೊಂಡಿದ್ದೆ. ಅವರಿಗೇ ಕಷ್ಟ. ಒಂದು, ಫಲಾಹಾರ ಇಲ್ಲಿ ನಿಷಿದ್ಧ. ಎರಡು, ನೀರನ್ನೂ ಬಿಟ್ಟು ಕಟ್ಟುನಿಟ್ಟಾಗಿ ಮಾಡಿದರೆ ಪುಣ್ಯ ಹೆಚ್ಚು ಎಂಬ ಅಭ್ಯಾಸ. ಇಲ್ಲಿ ನೀರು ಬಿಟ್ಟರೆ ತಲೆ ಸುತ್ತಿ ಬೀಳುತ್ತೀರಿ.

ಉಪ್ಪಿನ ಹಂಬಲಕ್ಕೆ ಒಂದು ಸಾರು

ನಿಂಬೆ ಪಾನಕ, ಗ್ಲೂಕೋಸ್ ಎಂದು ಸಿಹಿಯನ್ನೇ ಕುಡಿಯುತ್ತಾ ಹೋದರೆ ಸಂಜೆ ನಾಲ್ಕರ ಹೊತ್ತಿಗೆ ನಾಲಿಗೆ ಸತ್ತುಹೋಗುತ್ತದೆ. ಆಗ ಬೇಕೆನಿಸುವುದು ಅನ್ನವಲ್ಲ, ಉಪ್ಪು ಖಾರ. ನಾನು ಮಾಡಿಕೊಂಡದ್ದು ಹೀಗೆ. ಒಂದೂವರೆ ಲೀಟರ್ ನೀರಿಗೆ ಒಂದು ಸೀಮೆಬದನೆಕಾಯಿ, ಒಂದು ಹಿಡಿ ಸೋರೆಕಾಯಿ, ಜಜ್ಜಿದ ಎರಡಿಂಚು ಶುಂಠಿ, ಜಜ್ಜಿದ ಎಂಟು ಹತ್ತು ಮೆಣಸು, ಎರಡು ಎಸಳು ಬೆಳ್ಳುಳ್ಳಿ ಹಾಕಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಬೇಕು. ಟೀ ಸೋಸುವ ಜಾಲರಿ ಸಾಲದು. ಹಳೆಯ ತೆಳು ಪಂಚೆಯ ತುಂಡನ್ನು ಒದ್ದೆ ಮಾಡಿ ಪಾತ್ರೆಯ ಬಾಯಿಗೆ ಕಟ್ಟಿ ಅದರ ಮೇಲೆ ಸುರಿಯಿರಿ. ತರಕಾರಿಯನ್ನು ಸೌಟಿನಿಂದ ಒತ್ತಬೇಡಿ, ಒತ್ತಿದರೆ ತಿರುಳು ಇಳಿದು ಸಾರು ಮಬ್ಬಾಗುತ್ತದೆ. ತಾನಾಗಿ ತೊಟ್ಟಿಕ್ಕಲಿ. ಕೆಳಗೆ ತಿಳಿ ಹೊಂಬಣ್ಣದ ನೀರು ಉಳಿಯುತ್ತದೆ. ಅದಕ್ಕೆ ಉಪ್ಪು, ನೀರಿನಲ್ಲಿ ಕರಗಿಸಿದ ಚಿಟಿಕೆ ಇಂಗು, ಸೋಸಿದ ನಿಂಬೆರಸ. ಇಂಗು ಬಿದ್ದ ತಕ್ಷಣ ಅದು ಔಷಧಿಯ ಮನೆಯಿಂದ ಅಡುಗೆಮನೆಗೆ ಬಂದುಬಿಡುತ್ತದೆ. ಫ್ಲಾಸ್ಕಿನಲ್ಲಿ ಹಾಕಿಟ್ಟುಕೊಂಡು ಗಂಟೆಗೊಂದು ಲೋಟ ಕುಡಿದೆ. ಭಾವನವರು ಇದನ್ನು ಉಪ್ಸಾರಿನ ತಮ್ಮ ಎಂದು ಕರೆದರು.

ಅಗಿಯಬೇಕೆಂಬ ಚಟಕ್ಕೆ ಸೋಸಿದ ನಿಂಬೆರಸ, ಸಕ್ಕರೆ ಸೇರಿಸಿ ಚೈನಾಗ್ರಾಸ್‌ನಿಂದ ಮಾಡಿದ ಜೆಲ್ಲಿ ಒಂದಿಷ್ಟು ಸಮಾಧಾನ ಕೊಡುತ್ತದೆ. ಚೀಟಿಯಲ್ಲಿ ಜೆಲ್ಲಿಗೆ ಒಪ್ಪಿಗೆ ಇದೆಯೇ ನೋಡಿಕೊಳ್ಳಿ.

ಆ ಎರಡು ಲೀಟರ್

ಕರುಳು ಖಾಲಿ ಮಾಡಲು ಹೆಚ್ಚಾಗಿ ಕೊಡುವುದು ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಲವಣಗಳಿರುವ ಪುಡಿ. ಒಂದು ಪೊಟ್ಟಣಕ್ಕೆ ಎರಡು ಲೀಟರ್ ನೀರು. ಈ ದ್ರವ ಕರುಳಿನಲ್ಲಿ ಹೀರಲ್ಪಡದೆ ಎಲ್ಲವನ್ನೂ ಗುಡಿಸಿಕೊಂಡು ಹೊರಬರುತ್ತದೆ. ಒಂದೇ ಸಲ ಕುಡಿಯುವುದಕ್ಕಿಂತ ಅರ್ಧವನ್ನು ಹಿಂದಿನ ಸಂಜೆ, ಇನ್ನರ್ಧವನ್ನು ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಕುಡಿದರೆ ಕರುಳು ಹೆಚ್ಚು ಚೊಕ್ಕವಾಗುತ್ತದೆ. ಹನ್ನೊಂದಕ್ಕೆ ಪರೀಕ್ಷೆ ಇದ್ದರೆ ಬೆಳಿಗ್ಗೆ ಐದಕ್ಕೆ ಶುರು ಮಾಡಿ ಏಳರೊಳಗೆ ಮುಗಿಸಿ. ಒಂಬತ್ತರ ನಂತರ ನೀರೂ ಇಲ್ಲ. ಮಂಪರು ಔಷಧಿ ಕೊಡುವಾಗ ಹೊಟ್ಟೆಯಲ್ಲಿ ನೀರಿದ್ದರೆ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ರುಚಿ? ಉಪ್ಪುಪ್ಪಾದ, ಸ್ವಲ್ಪ ಜಾರುವ ನೀರು. ಮೊದಲೇ ಬೆರೆಸಿ ಫ್ರಿಜ್ಜಿನಲ್ಲಿಡಿ. ಸಕ್ಕರೆ ಬೆರೆಸಬೇಡಿ. ಕಾಲು ಲೀಟರ್ ಲೋಟದಲ್ಲಿ ಹದಿನೈದು ನಿಮಿಷಕ್ಕೊಮ್ಮೆ, ಸ್ಟ್ರಾ ಹಾಕಿ, ನಾಲಿಗೆಯ ಹಿಂಭಾಗಕ್ಕೆ ಬೀಳುವಂತೆ ಕುಡಿಯಿರಿ. ನಡುವೆ ನಿಂಬೆಹೋಳನ್ನು ಚೀಪಿ ಉಗಿಯಿರಿ. ಎರಡು ಲೋಟದ ನಂತರ ಚಳಿ ಹತ್ತುತ್ತದೆ, ಶಾಲು ಹೊದ್ದುಕೊಳ್ಳಿ, ನಡುವೆ ಬಿಸಿ ಸಾರು ಗುಟುಕರಿಸಿ. ವಾಕರಿಕೆ ಬಂದರೆ ಅರ್ಧ ಗಂಟೆ ನಿಲ್ಲಿಸಿ ಹಜಾರದಲ್ಲಿ ಓಡಾಡಿ ಮತ್ತೆ ನಿಧಾನವಾಗಿ ಮುಂದುವರಿಸಿ. ವಿಚಿತ್ರವೆಂದರೆ ಈ ಔಷಧಿ ಶುರುವಾದ ಮೇಲೆ ಹಸಿವು ಮಾಯವಾಗುತ್ತದೆ. ಹೊಟ್ಟೆ ನೀರಿನಿಂದಲೇ ತುಂಬಿರುತ್ತದೆ. ಕಷ್ಟವೆಲ್ಲ ಅದಕ್ಕೆ ಮುಂಚಿನ ನಾಲ್ಕು ಗಂಟೆಯದು.

ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಓಟ ಶುರು. ಮೊದಲೇ ಡ್ರಮ್ಮಿನಲ್ಲಿ ನೀರು ತುಂಬಿಸಿಡಿ, ಮನೆಯವರಿಗೆ ಹೇಳಿ ಒಂದು ಶೌಚಾಲಯವನ್ನು ನಿಮಗಾಗಿ ಬಿಡಿಸಿಕೊಳ್ಳಿ. ಮೊದಲ ಸಲ ಹೋಗುವ ಮುಂಚೆಯೇ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಉರಿ ಬಂದ ಮೇಲೆ ಹಚ್ಚುವುದಲ್ಲ. ವಯಸ್ಸಾದವರು ಬಾಗಿಲಿಗೆ ಚಿಲಕ ಹಾಕಬಾರದು. ಕೊನೆಗೆ ಬರುವುದು ಚೂರಿಲ್ಲದ, ಮೂತ್ರದಂಥ ತಿಳಿ ಹಳದಿ ನೀರಾಗಿರಬೇಕು. ಬೆಳಗಿನ ಭಾಗ ಮುಗಿದ ಮೇಲೂ ಕಂದು ಬಣ್ಣ, ಮಡ್ಡಿ ಇದ್ದರೆ ಮುಚ್ಚಿಡಬೇಡಿ, ಆಸ್ಪತ್ರೆಗೆ ಫೋನ್ ಮಾಡಿ. ಪದೇ ಪದೇ ವಾಂತಿ, ಹೊಟ್ಟೆ ಉಬ್ಬಿ ತೀವ್ರ ನೋವು, ರಕ್ತ, ತಲೆ ತಿರುಗಿ ನಿಲ್ಲಲಾಗದಿರುವುದು ಇವುಗಳಿಗಂತೂ ಕಾಯಬಾರದು.

ಊರಿನಿಂದ ಬರುವವರಿಗೆ

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಆದರೆ ಬೆಳಗಿನ ಔಷಧಿ ಕುಡಿದವನಿಗೆ ಅದು ಕಾಶಿಯಷ್ಟು ದೂರ. ನಾಗಮಂಗಲ, ಕೆ.ಆರ್. ಪೇಟೆಯ ಕಡೆಯಿಂದ ಬರುವವರು ಹಿಂದಿನ ದಿನ ಮಧ್ಯಾಹ್ನವೇ ಬಂದು ಆಸ್ಪತ್ರೆಯ ಹತ್ತಿರ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯುವುದು ಒಳ್ಳೆಯದು. ಭಾವನವರು ನಮ್ಮ ಮನೆಗೇ ಬಂದರು. ಬರಲಾಗದಿದ್ದರೆ ಮಧ್ಯಾಹ್ನದ ಸಮಯ ಕೇಳಿ, ಕೊನೆಯ ಲೋಟದ ನಂತರ ಒಂದೂವರೆ ಎರಡು ಗಂಟೆ ಬಿಟ್ಟು ಹೊರಡಿ. ಬಸ್ಸು ಬೇಡ. ಕಾರಿನ ಸೀಟಿಗೆ ಪ್ಲಾಸ್ಟಿಕ್ ಹಾಸಿ ಮೇಲೆ ಟವೆಲ್, ಜೊತೆಗೆ ಒಂದು ಜೊತೆ ಬಟ್ಟೆ. ವಾಪಸು ಹೋಗಲು ಜೊತೆಗೊಬ್ಬರು ಬೇಕೇ ಬೇಕು. ಮಂಪರು ಕೊಟ್ಟ ಮೇಲೆ ಒಂದು ದಿನ ವಾಹನ ಓಡಿಸುವಂತಿಲ್ಲ.

ಪರೀಕ್ಷೆಯ ನಂತರ

ಎಚ್ಚರವಾದ ಮೇಲೆ ಹೊಟ್ಟೆ ಗಾಳಿಯಿಂದ ಬಿಗಿದಿರುತ್ತದೆ. ಓಡಾಡಿ, ನಾಚಿಕೆ ಬಿಟ್ಟು ಗಾಳಿ ಬಿಡಿ. ಮೊದಲ ಊಟ ಇಡ್ಲಿಯೋ ಮೊಸರನ್ನವೋ ಇರಲಿ. ಗಂಟು ತೆಗೆದಿದ್ದರೆ ವೈದ್ಯರು ಬೇರೆ ಪಥ್ಯ ಹೇಳಬಹುದು. ಆಮೇಲೆ ಎರಡು ದಿನ ಮಲ ಬಾರದಿದ್ದರೆ ಗಾಬರಿ ಬೇಡ, ಒಳಗೆ ಏನಿದೆ ಬರುವುದಕ್ಕೆ? ಆದರೆ ಹೊಟ್ಟೆನೋವು ಹೆಚ್ಚುತ್ತ ಹೋದರೆ, ಜ್ವರ ಬಂದರೆ, ರಕ್ತ ಹೋದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ವರದಿಯಲ್ಲಿ ಬೋಸ್ಟನ್ ಮಾಪನ ಎಂಬ, ಕರುಳು ಎಷ್ಟು ಚೊಕ್ಕವಾಗಿತ್ತು ಎಂದು ಹೇಳುವ ಅಂಕವಿದೆಯೇ ನೋಡಿ. ಕರುಳಿನ ಮೂರು ಭಾಗಕ್ಕೆ ತಲಾ ಮೂರರಂತೆ ಒಟ್ಟು ಒಂಬತ್ತು ಅಂಕ. ಪ್ರತಿ ಭಾಗಕ್ಕೂ ಕನಿಷ್ಠ ಎರಡು ಬಂದರೆ ಪಾಸು. ನನಗೆ ಎರಡನೆಯ ಸಲ ಎಂಟು ಬಂತು. ಭಾವನವರಿಗೆ ಒಂಬತ್ತಕ್ಕೆ ಒಂಬತ್ತು. ಆ ಹಾಳೆಯನ್ನು ಅವರು ಬಂದವರಿಗೆಲ್ಲ ತೋರಿಸಿಯಾದ ಮೇಲೆ ಅಕ್ಕ ಕಿತ್ತುಕೊಂಡು ಫೈಲಿನಲ್ಲಿಟ್ಟಳು. ಮುಂದಿನ ಪರೀಕ್ಷೆ ಯಾವಾಗ ಎಂಬ ಸಾಲು ಅದರ ಕೆಳಗೇ ಇತ್ತು.